ನೇಯುವವರ ಕಣ್ಣಿಗೆ ವಿನ್ಯಾಸ ಎಲ್ಲಿಂದ ಬರುತ್ತದೆ? ಕೈಮಗ್ಗ ಬಲ್ಲವರು ದಯವಿಟ್ಟು ಹೇಳಿ

ಮಲ್ಲೇಶ್ವರದ ಓದುಗ:

ಎಲ್ಲರಿಗೂ ನಮಸ್ಕಾರ. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದ ಆಸುಪಾಸಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಸೀರೆ ಮೇಳಗಳು ಒಂದರ ಹಿಂದೊಂದು ನಡೆಯುತ್ತವೆ. ಈ ಸಲ ಒಂದು ಮೇಳದಲ್ಲಿ ಇಳಕಲ್ ಕಡೆಯಿಂದ ಬಂದಿದ್ದ ನೇಕಾರರೊಬ್ಬರ ಮಳಿಗೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಪಕ್ಕದಲ್ಲಿದ್ದವರು ಯಾರೋ "ಈ ಡಿಸೈನ್‌ಗೆಲ್ಲ ನಿಮಗೆ ಸ್ಫೂರ್ತಿ ಏನು?" ಅಂತ ಕೇಳಿದರು. ಆ ಹಿರಿಯರು ಮಾತಾಡದೆ ಒಂದು ಸೀರೆಯ ಸೆರಗು ಬಿಡಿಸಿ ಮೇಜಿನ ಮೇಲೆ ಹಾಸಿದರು. ಕೆಂಪು ನೆಲ, ಬಿಳಿ ಹಲ್ಲುಗಳು. ಬೆರಳಿಟ್ಟು ತೋರಿಸುತ್ತಾ ಹೋದರು: "ಇದು ಹಣಿಗಿ. ಇದು ಕ್ವಾಟಿ ಗ್ವಾಡಿ. ಇದು ಜ್ವಾಳದ ತೆನಿ. ಇದು ಗುಡ್ಡದ ಸಾಲು." ಅಷ್ಟರಲ್ಲಿ ಕೇಳಿದವರು ಫೋಟೊ ತೆಗೆದುಕೊಂಡು ಮುಂದಿನ ಮಳಿಗೆಗೆ ಹೋಗಿಯಾಗಿತ್ತು. ಹಿರಿಯರು ಸೆರಗು ಮಡಿಸಿ ಒಳಗಿಟ್ಟರು.

ಅಂದಿನಿಂದ ಎರಡು ಪ್ರಶ್ನೆ ತಲೆಯಲ್ಲಿ ಉಳಿದಿವೆ. ಜೋಳದ ತೆನೆಯನ್ನು ನೋಡಿ ಅದನ್ನು ನೂಲಿಗಿಳಿಸಿದರೋ, ಅಥವಾ ಮಗ್ಗದಲ್ಲಿ ತಾನಾಗಿ ಬಂದ ಆಕಾರಕ್ಕೆ ಆಮೇಲೆ ತೆನೆ ಅಂತ ಹೆಸರಿಟ್ಟರೋ? ಇನ್ನೊಂದು, ಇವತ್ತು ಒಬ್ಬ ನೇಕಾರ ಹೊಸದೊಂದು ವಿನ್ಯಾಸ ಕಟ್ಟಿದರೆ ಅದು ಯಾರದು ಅಂತ ಎಲ್ಲಾದರೂ ದಾಖಲಾಗುತ್ತದೆಯೇ? ಚಿತ್ರ ಬರೆದವರು ಮೂಲೆಯಲ್ಲಿ ಸಹಿ ಹಾಕುತ್ತಾರೆ. ಸೀರೆಯ ಯಾವ ಮೂಲೆಯಲ್ಲೂ ನನಗೆ ಸಹಿ ಕಂಡಿಲ್ಲ.

ಬಾಗಲಕೋಟಿ ಮಗಳು:

ಸರ, ಆ ಅಜ್ಜಾರು ಛಲೋ ಉತ್ತರಾನ ಕೊಟ್ಟಾರ್ರಿ. ಕೇಳಿದವರು ನಿಂದರಲಿಲ್ಲ ಅಷ್ಟ.

ನಮ್ಮ ಮನಿಯೊಳಗ ಕುಣಿ ಮಗ್ಗ ಇತ್ತು, ನೆಲದಾಗಿನ ಕುಣಿಯೊಳಗ ಕಾಲು ಬಿಟ್ಟು ಕುಂತು ನೇಯೂದು. ಈಗ ನಾನು ಬೆಂಗಳೂರಾಗ ನೌಕರಿ ಮಾಡ್ತೀನಿ, ಅಣ್ಣ ಇನ್ನೂ ನೇಯ್ತಾನ. ನೀವು ಹೇಳಿದ ಸೆರಗಿಗೆ ನಾವು ಟೋಪ ತೆನಿ ಅಂತೀವಿ. ಒಂದು ಇಳಕಲ್ ಸೀರಿಗೆ ಹಾಸು, ಅಂದ್ರ ಮಗ್ಗದ ಉದ್ದಕ್ಕ ಕಟ್ಟೂ ಎಳಿ, ಒಂದ ಅಲ್ಲರಿ. ಒಡಲಿಗೆ ಬ್ಯಾರೆ, ದಡಿಗೆ ಬ್ಯಾರೆ, ಸೆರಗಿಗೆ ಬ್ಯಾರೆ. ಒಡಲು ಹತ್ತಿ ಇದ್ರ ಸೆರಗು, ದಡಿ ರೇಷ್ಮಿ. ಸೆರಗಿನ ಬಣ್ಣ, ದಡಿಯ ಬಣ್ಣ ಎರಡೂ ಒಂದ ಇರಬೇಕು. ಒಡಲಿನ ಎಳಿ ಮುಗಿಯೂ ಜಾಗಾದಾಗ ಸೆರಗಿನ ಎಳಿ ಕೂಡಸಬೇಕಲ್ರಿ, ಅಲ್ಲಿ ಒಂದೊಂದ ಎಳಿನೂ ಕುಣಿಕಿ ಮಾಡಿ ಇನ್ನೊಂದರೊಳಗ ಸಿಗಸ್ತಾರ. ಅದಕ್ಕ ಕೊಂಡಿ ಅಂತೀವಿ. ನಮ್ಮವ್ವ ಕೊಂಡಿ ಹಾಕೂಮುಂದ ಮಾತಾಡ್ತಿರಲಿಲ್ಲ. ಕಣ್ಣು ಎಳಿಮ್ಯಾಲ, ಎಡಗೈ ಹೆಬ್ಬೆರಳಿನ ಉಗುರಿನಾಗ ಒಂದು ಗೀರು ಬಿದ್ದಿತ್ತು, ಎಳಿ ಹಿಡದು ಹಿಡದು.

ಯಾಕ ಇಷ್ಟು ತ್ರಾಸ ತಗೋತಾರ ಅಂತ ಅವ್ವಗ ಕೇಳಿದ್ದೆ. "ರೇಷ್ಮಿ ತುಟ್ಟಿ. ಮಂದಿ ನೋಡೂದು ಸೆರಗು, ದಡಿ. ಅಲ್ಲಿಗಷ್ಟ ರೇಷ್ಮಿ ಹಾಕಿದ್ರ ಬಡವರ ಮನಿ ಹೆಣ್ಮಗಳೂ ರೇಷ್ಮಿ ಉಟ್ಟಂಗ" ಅಂದ್ಲು. ನೀವು ಸ್ಫೂರ್ತಿ ಅಂತೀರಿ. ನಮ್ಮ ಕಡೆ ಇದೂ ಅದರಾಗ ಬರ್ತೈತ್ರಿ. ಉಡೂ ಹೆಣ್ಮಗಳ ಕಿಸೆಯ ಚಿಂತಿ.

ಕಬ್ಬನ್‌ಪೇಟೆ ಮೊಮ್ಮಗ:

ಅಕ್ಕಾ, ನಿಮ್ಮ ತಾಯಿಯವರ ಮಾತು ನಮ್ಮ ತಾತ ಹೇಳಿದ ಹಾಗೇ ಇದೆ.

ಬೆಂಗಳೂರಿನ ಹುಡುಗರಿಗೆ ಹೇಳಿದರೆ ಈಗ ನಂಬುವುದಿಲ್ಲ, ಈ ಊರೇ ಮಗ್ಗದ ಊರು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಇಲ್ಲಿಗೆ ಬಂದಾಗ ಪಟ್ಟೆಗಾರರು, ಖತ್ರಿಗಳು, ದೇವಾಂಗರು, ತೊಗಟರು ಏನೇನು ನೇಯುತ್ತಾರೆ, ಹೇಗೆ ಬಣ್ಣ ಹಾಕುತ್ತಾರೆ ಅಂತ ಬರೆದಿಟ್ಟುಕೊಂಡು ಹೋಗಿದ್ದಾನೆ. ಕಬ್ಬನ್‌ಪೇಟೆ, ನಗರ್ತಪೇಟೆ ಗಲ್ಲಿಗಳಲ್ಲಿ ನಾನು ಚಿಕ್ಕವನಿದ್ದಾಗಲೂ ಬಾಗಿಲ ಒಳಗಿಂದ ಲಾಳಿ ಸದ್ದು ಕೇಳುತ್ತಿತ್ತು. ಆಮೇಲೆ ಕರೆಂಟ್ ಮಗ್ಗ ಬಂತು. ಕೆಲವರು ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದ ಕಡೆ ಹೋದರು, ದೊಡ್ಡಬಳ್ಳಾಪುರ ದೊಡ್ಡ ಕೇಂದ್ರವಾಯಿತು. ಆನೇಕಲ್ ಕಡೆ ರೇಷ್ಮೆ ಕೈಮಗ್ಗ ಸ್ವಲ್ಪ ಉಳಿದಿದೆ.

ಮೊದಲ ಪ್ರಶ್ನೆಗೆ ಬರುತ್ತೇನೆ. ನಮ್ಮ ತಾತ ರೇಷ್ಮೆ ಸೀರೆ ನೇಯುತ್ತಿದ್ದರು, ಜಕಾರ್ಡ್ ಮಗ್ಗ, ಅಂದರೆ ತೂತು ಬಿದ್ದ ಕಾರ್ಡ್ ನೋಡಿ ಎಳೆ ಎತ್ತುವ ಯಂತ್ರ ಕೂರಿಸಿದ ಮಗ್ಗ. ಅಜ್ಜಿ ಬೆಳಗ್ಗೆ ಬಾಗಿಲಲ್ಲಿ ಚುಕ್ಕಿ ರಂಗೋಲಿ ಹಾಕುವಾಗ ತಾತ ಜಗಲಿ ಮೇಲೆ ಕುಳಿತು ನೋಡುತ್ತಿದ್ದರು. ಕೆಲವು ದಿನ ಮಾತ್ರ ಒಳಗೆ ಹೋಗಿ ಗೀಟಿನ ಕಾಗದ ತರುತ್ತಿದ್ದರು. ಅಜ್ಜಿಯ ಒಂದೊಂದು ಚುಕ್ಕಿಯೂ ಆ ಕಾಗದದಲ್ಲಿ ಒಂದೊಂದು ಚೌಕ. ಎಳೆ ಸುತ್ತಿ ಬಂದ ಕಡೆ ಪೆನ್ಸಿಲ್‌ನಲ್ಲಿ ತುಂಬುತ್ತಿದ್ದರು. ದುಂಡಗೆ ತಿರುಗುವ ಎಳೆಯಾದರೆ ಅವರಿಗೆ ತಲೆನೋವು, ಬಟ್ಟೆಯಲ್ಲಿ ದುಂಡು ಎನ್ನುವುದೇ ಇಲ್ಲ, ಎಲ್ಲ ಮೆಟ್ಟಿಲು. "ಇಲ್ಲಿ ಎರಡು ಮನೆ ಬಿಡು, ಇಲ್ಲಿ ಒಂದು ಬಿಡು" ಅಂತ ತಮ್ಮಷ್ಟಕ್ಕೆ ಹೇಳಿಕೊಂಡು ಅಳಿಸಿ ಬರೆಯುತ್ತಿದ್ದರು. ಅದು ಕಾರ್ಡ್ ಹೊಡೆಯುವವರ ಹತ್ತಿರ ಹೋಗಿ, ತೂತು ಬಿದ್ದ ರಟ್ಟಿನ ಸರವಾಗಿ ಮಗ್ಗದ ಮೇಲೇರುತ್ತಿತ್ತು. ಮದುವೆ ಮನೆಯಲ್ಲಿ ಯಾರೋ ಉಟ್ಟ ಸೀರೆ ತೋರಿಸಿ ಅಜ್ಜಿ "ಇದು ನನ್ನ ಬಾಗಿಲ ರಂಗೋಲಿ" ಅಂದಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಮಾತು.

ಅಂಗಡಿಯ ಹೆಸರು ಆ ಸೀರೆಯ ಮೇಲಿತ್ತು. ತಾತನದೂ ಇರಲಿಲ್ಲ, ಅಜ್ಜಿಯದೂ ಇರಲಿಲ್ಲ.

ಜವಳಿ ವಿದ್ಯಾರ್ಥಿನಿ, ಬನಶಂಕರಿ:

ಮೊಮ್ಮಗ ಅವರು ಹೇಳಿದ ಮೆಟ್ಟಿಲಿನ ಮಾತು ಮುಖ್ಯ ಅನ್ನಿಸಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೇಕಾರರ ಯೋಚನೆ ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ.

ಒಂದು ಬಟ್ಟೆಯಲ್ಲಿ ಇಂಚಿಗೆ 80 ಹಾಸಿನ ಎಳೆ, 60 ಹೊಕ್ಕಿನ, ಅಂದರೆ ಅಡ್ಡಲಾಗಿ ಹೋಗುವ ಎಳೆ ಇದೆ ಅಂತ ಇಟ್ಟುಕೊಳ್ಳಿ. ಸಮ ಚೌಕದ ಕಾಗದದಲ್ಲಿ 80 ಮನೆ ಅಗಲ, 80 ಮನೆ ಉದ್ದದ ದುಂಡನೆಯ ಹೂವೊಂದನ್ನು ಬರೆದರೆ ಬಟ್ಟೆಯಲ್ಲಿ ಅದರ ಅಗಲ 1 ಇಂಚು, ಉದ್ದ 1.33 ಇಂಚು. ಹೂವು ಮೊಟ್ಟೆಯಾಯಿತು. ಹಾಗಾಗಿ ನೇಕಾರ ಕಾಗದದ ಮೇಲೆ ಬೇಕೆಂದೇ ಗಿಡ್ಡ ಹೂವು ಬರೆಯಬೇಕು, ನೇಯ್ದಾಗ ಅದು ದುಂಡಗಾಗುತ್ತದೆ. ಅದೇ ಹೂವನ್ನು ಬೇರೆ ಹಣಿಗೆಗೆ (ಹಾಸಿನ ಎಳೆಗಳನ್ನು ಬಿಡಿಸಿ ಹಿಡಿಯುವ ಮಗ್ಗದ ಬಾಚಣಿಗೆ), ಬೇರೆ ನೂಲಿಗೆ ಹಾಕಬೇಕಾದರೆ ಮತ್ತೆ ಮೊದಲಿನಿಂದ ಲೆಕ್ಕ. ಜಕಾರ್ಡ್‌ನಲ್ಲಿ ಒಂದು ಹೊಕ್ಕಿಗೆ ಒಂದು ಕಾರ್ಡ್, ಅಂದರೆ 60 ಹೊಕ್ಕಿನ ಹೂವಿಗೆ 60 ಕಾರ್ಡ್. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ಕಟ್ಟಿದ ಯಂತ್ರ ಅದು, ನಮ್ಮ ಮಗ್ಗಗಳ ತಲೆಯ ಮೇಲೆ ಕೂತಿತು. ಕಾಲಲ್ಲಿ ತುಳಿಯುವುದು, ಕೈಯಲ್ಲಿ ಲಾಳಿ ಹೊಡೆಯುವುದು ಹಾಗೇ ಉಳಿದಿದ್ದರಿಂದ ಅದು ಕೈಮಗ್ಗವೇ. ಕೆಲವರು ಜಕಾರ್ಡ್ ಇದ್ದರೆ ಕೈಮಗ್ಗವಲ್ಲ ಅನ್ನುತ್ತಾರೆ, ಅದು ಸರಿಯಲ್ಲ.

ಈಗ ತೆನೆಯ ಪ್ರಶ್ನೆ. ಎರಡು ಬಣ್ಣದ ಎಳೆ ಸಂಧಿಸುವ ಗಡಿಯನ್ನು ಓರೆಯಾಗಿ ಏರಿಸಬೇಕಾದರೆ ಅದು ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಎರಡು ಕಡೆಯಿಂದ ಏರಿ ಮೇಲೆ ಕೂಡಿದರೆ ಗೋಪುರದ ಆಕಾರ. ಆದ್ದರಿಂದಲೇ ನೇಯ್ಗೆ ಇರುವ ಎಷ್ಟೋ ಊರುಗಳಲ್ಲಿ ಈ ತ್ರಿಕೋನದ ಸಾಲು ಸಿಗುತ್ತದೆ. ಮಗ್ಗ ಅದನ್ನು ಎಲ್ಲರಿಗೂ ಕೊಡುತ್ತದೆ. ಆದರೆ ಅದನ್ನು ತೆನೆ ಎಂದು ಕಂಡವರು ಜೋಳ ಬೆಳೆಯುವ ಊರಿನವರು. ಹಾಗೆ ಕಂಡಮೇಲೆ ಕೈ ಸುಮ್ಮನಿರುವುದಿಲ್ಲ, ತುದಿಯನ್ನು ಚೂಪು ಮಾಡುತ್ತದೆ, ಬುಡಕ್ಕೆ ದಂಟು ಕೊಡುತ್ತದೆ. ಆದ್ದರಿಂದ ಮೊದಲು ಯಾವುದು ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಅಂತ ನನ್ನ ಅಭಿಪ್ರಾಯ. ಮಗ್ಗ ಒಂದು ಹೆಜ್ಜೆ, ಕಣ್ಣು ಒಂದು ಹೆಜ್ಜೆ, ಹೀಗೆ ನಡೆದು ಬಂದದ್ದು.

ಬಾಗಲಕೋಟಿ ಮಗಳು:

ತಂಗಿ, ಖರೇ ಹೇಳಿದಿ. ಗುಳೇದಗುಡ್ಡದ ಖಣಾನೂ ಹಂಗ ನೋಡವ್ವ. ಕುಬಸದ ಅರಿವಿ, ಸಣ್ಣದು. ಡಾಬಿ ಅಂದ್ರ ಸಣ್ಣ ಸಣ್ಣ ಚಿತ್ರ ತೆಗಿಯೂ ಸಲಕರಣಿ, ಆ ಮಗ್ಗದಾಗ ದೊಡ್ಡ ಚಿತ್ರ ಬರೂದಿಲ್ಲ, ಬೆರಳತುದಿ ಅಷ್ಟ ಜಾಗಾದಾಗ ಹೇಳಿ ಮುಗಸಬೇಕು. ಆ ಜಾಗಾದಾಗ ತೇರು ಕುಂದರಸ್ಯಾರ, ಆನಿ ಹೆಜ್ಜಿ ಕುಂದರಸ್ಯಾರ, ಸೂರ್ಯನಾರಾಯಣ, ತುಳಸಿ, ನಾಗಮುರಗಿ. ಆನಿ ತೋರಸಾಕ ಜಾಗಾ ಇಲ್ಲ, ಅದರ ಹೆಜ್ಜಿ ತೋರಿಸ್ಯಾರ. ಇದನ್ನ ಯಾರು ಮೊದಲ ಯೋಚನಿ ಮಾಡಿದರೋ, ಅವರ ಕಾಲಿಗೆ ಬೀಳಬೇಕು ಅನಸ್ತೈತಿ ನನಗ.

ಕಸೂತಿ ಕಲಿಯುತ್ತಿರುವವಳು, ಜಯನಗರ:

ಇಲ್ಲಿ ಒಂದು ಮಾತು ಸೇರಿಸಲೇ? ಧಾರವಾಡದ ಕಸೂತಿ ನೇಯ್ಗೆಯಲ್ಲ, ಸೂಜಿ ಕೆಲಸ. ಆದರೂ ಅದು ನೇಕಾರರ ಎಳೆ ಎಣಿಸಿಯೇ ನಡೆಯುತ್ತದೆ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗಂಟು ಹಾಕುವ ಹಾಗಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗ ತುಂಬಬೇಕು, ಸರಿಯಾಗಿ ಮಾಡಿದರೆ ಎರಡೂ ಬದಿ ಒಂದೇ ಥರ ಕಾಣುತ್ತದೆ. ಗೋಪುರ, ಅಂಬಾರಿ ಆನೆ, ತುಳಸಿಕಟ್ಟೆ, ತೊಟ್ಟಿಲು, ನವಿಲು, ಎಲ್ಲವೂ ಹೆಂಗಸರು ದಿನಾ ಕಂಡದ್ದು ಅಥವಾ ಜಾತ್ರೆಯಲ್ಲಿ ಕಂಡದ್ದು. ನನಗೆ ಕಲಿಸುತ್ತಿರುವವರು ಹೇಳುತ್ತಾರೆ, ಕೈಮಗ್ಗದ ಇಳಕಲ್ ಮೇಲೆ ಎಣಿಕೆ ಕೈಗೆ ಸಿಗುತ್ತದೆ, ಒತ್ತಾದ ಮಿಲ್ ಬಟ್ಟೆಯಲ್ಲಿ ಕಣ್ಣು ಸೋಲುತ್ತದೆ ಅಂತ. ಮಗ್ಗ ಹೋದರೆ ಕಸೂತಿಯ ನೆಲವೂ ಹೋಗುತ್ತದೆ.

ಕರಾವಳಿ ಅಕ್ಕ, ರಾಜಾಜಿನಗರ:

ನಮ್ಮ ಉಡುಪಿ ಸೀರೆಯಲ್ಲಿ ಇಷ್ಟೆಲ್ಲ ಚಿತ್ರ ಇಲ್ಲ ಮಾರಾಯ್ರೆ. ಹತ್ತಿ, ಹಗುರ, ಚೌಕ ಅಥವಾ ಸಣ್ಣ ಗೀಟು, ಸರಳ ದಡಿ. ಅದರ ಹಿಂದೆ ಇರುವುದು ನಮ್ಮ ಬೆವರು. ಆ ಸೆಕೆಯಲ್ಲಿ ಭಾರದ ಬಟ್ಟೆ ಉಡಲಿಕ್ಕೆ ಆಗುವುದಿಲ್ಲ. ಹವೆಯನ್ನು ನೋಡಿ ನೇಯ್ದದ್ದು ಕೂಡ ಕಲೆಯೇ ಅಂತ ನಾನು ಹೇಳುವುದು. 2016ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿತು. ತಾಳಿಪಾಡಿ, ಕಿನ್ನಿಗೋಳಿ ಕಡೆ ಬೆರಳೆಣಿಕೆಯ ಹಿರಿಯರು ಉಳಿದಿದ್ದಲ್ಲಿಗೆ ಈಗ ಹೊಸಬರು, ಹೆಂಗಸರು ಕಲಿತು ಮಗ್ಗಕ್ಕೆ ಕೂತಿದ್ದಾರೆ.

ಸಹಿಯ ವಿಷಯ ಕೇಳಿದಿರಲ್ಲ. ನಾನು ಊರಿನಲ್ಲಿ ಕೊಂಡ ಒಂದು ಸೀರೆಗೆ ನೇಯ್ದವರ ಹೆಸರಿನ ಚೀಟಿ ಇತ್ತು. ಅದನ್ನು ಉಟ್ಟಾಗ ಯಾರಾದರೂ ಚಂದ ಉಂಟು ಅಂದರೆ ಆ ಹೆಸರು ಹೇಳುತ್ತೇನೆ. ಚೀಟಿ ಹಾಕಲಿಕ್ಕೆ ಎಷ್ಟು ಖರ್ಚು ಬರುತ್ತದೆ ಹೇಳಿ?

ಚಿಕ್ಕಪೇಟೆ ವ್ಯಾಪಾರಿ:

ಚೀಟಿಗೆ ಖರ್ಚಿಲ್ಲ ಮೇಡಂ. ನಿಜ ಹೇಳಬೇಕೆಂದರೆ ಅಂಗಡಿಯವರಿಗೆ ಅಂಜಿಕೆ, ಹೆಸರು ಸಿಕ್ಕರೆ ಗಿರಾಕಿ ನೇರವಾಗಿ ನೇಕಾರರ ಹತ್ತಿರ ಹೋಗುತ್ತಾರೆ ಅಂತ. ನಾನೂ ಈ ವ್ಯಾಪಾರದಲ್ಲೇ ಬೆಳೆದವನು, ಆ ಅಂಜಿಕೆ ಬಿಡಬೇಕು ಅಂತಲೇ ನಾನು ಹೇಳುವುದು.

ಇನ್ನೊಂದು ಬದಿಯನ್ನೂ ಹೇಳಬೇಕು. ಗಿರಾಕಿಗಳು ಬಂದು ಹೊಸ ಡಿಸೈನ್ ಇದೆಯಾ ಅಂತ ಕೇಳುತ್ತಾರೆ. ಹೊಸದು ಅಂದರೆ ನೇಕಾರರ ಮನೆಯಲ್ಲಿ ಏನಾಗುತ್ತದೆ ಗೊತ್ತಾ? ಹೊಸ ಹಾಸು ಕಟ್ಟಬೇಕು, ಹೊಸ ಕಾರ್ಡ್ ಹೊಡೆಸಬೇಕು, ಬಣ್ಣ ಹೊಂದಿಸಬೇಕು. ಅಷ್ಟು ದಿನ ಮಗ್ಗ ನಿಂತಿರುತ್ತದೆ. ಕೂಲಿ ಸಿಗುವುದು ನೇಯ್ದ ಸೀರೆಗೆ, ನಿಂತ ಮಗ್ಗಕ್ಕಲ್ಲ. ಮೊದಲ ಸೀರೆ ಸರಿ ಬರದಿದ್ದರೆ ಅದು ಅವರ ತಲೆಗೇ. ಆದ್ದರಿಂದ ತಲೆಯಲ್ಲಿ ಎಷ್ಟೇ ಹೊಸತು ಇದ್ದರೂ ಹಳೆಯದನ್ನೇ ನೇಯುತ್ತಾರೆ. ನೇಕಾರರಿಗೆ ಕಲ್ಪನೆ ಇಲ್ಲ ಅಂತ ಕೆಲವು ಡಿಸೈನರ್‌ಗಳು ಹೇಳುವುದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ. ಯೋಚಿಸುವುದಕ್ಕೆ ದುಡ್ಡು ಕೊಟ್ಟವರು ಯಾರು?

ಕಬ್ಬನ್‌ಪೇಟೆ ಮೊಮ್ಮಗ:

ಸಾರ್, ನೂರಕ್ಕೆ ನೂರು ನಿಜ. ತಾತ ಗೀಟಿನ ಕಾಗದದ ಮುಂದೆ ಕುಳಿತ ಹೊತ್ತಿಗೆ ಯಾರೂ ಕೂಲಿ ಕಟ್ಟಲಿಲ್ಲ.

ಸಾಗರದ ಕಡೆಯವ, ಈಗ ಯಶವಂತಪುರ:

ಚಿತ್ರದ ಮಾತೇ ಆಯಿತು, ಬಣ್ಣದ ಮಾತು ಯಾರೂ ಎತ್ತಲಿಲ್ಲವಲ್ಲ. ನಮ್ಮ ಹೆಗ್ಗೋಡಿನ ಹತ್ತಿರ ಭೀಮನಕೋಣೆಯ 'ಚರಕ' ಹೆಂಗಸರದೇ ಸಹಕಾರ ಸಂಘ, ರಂಗಕರ್ಮಿ ಪ್ರಸನ್ನ ಅವರು ಮುಂದೆ ನಿಂತು ಕಟ್ಟಿದ್ದು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ನಮ್ಮ ಮಲೆನಾಡಿನ ಪ್ರತಿ ಅಂಗಳದಲ್ಲೂ ಇರುವ ವಸ್ತು, ಬಟ್ಟೆಗೆ ತಾಗಿದರೆ ಹೋಗದ ಕಲೆ. ಅದನ್ನೇ ಬಣ್ಣ ಮಾಡಿಕೊಂಡರು. ಕೆಂಪುಗಂದು, ಮಳೆ ನಿಂತಮೇಲೆ ನಮ್ಮ ದರೆಯ ಮಣ್ಣು ಕಾಣುತ್ತದಲ್ಲ, ಅದೇ ಬಣ್ಣ. ಚರಕದ ಬಟ್ಟೆ ಮಾರುವ ಬೆಂಗಳೂರಿನ 'ದೇಸಿ' ಅಂಗಡಿಯಲ್ಲಿ ಆ ಬಣ್ಣದ ಜುಬ್ಬ ಕಂಡರೆ ನನಗೆ ಊರು ಕಂಡಷ್ಟೇ ಸಂತೋಷ.

ಹೊಸಬಳು:

ಹಾಗಾದರೆ ಮೈಸೂರು ಸಿಲ್ಕ್ ಸೀರೆಯನ್ನೂ ಇದೇ ಥರ ಕೈಯಲ್ಲಿ ನೇಯುತ್ತಾರಾ? ಅಮ್ಮನ ಹತ್ತಿರ ಒಂದಿದೆ.

ಜವಳಿ ವಿದ್ಯಾರ್ಥಿನಿ, ಬನಶಂಕರಿ:

ಇಲ್ಲ. ಸರ್ಕಾರಿ ಕಾರ್ಖಾನೆಯ ಮೈಸೂರು ಸಿಲ್ಕ್ ವಿದ್ಯುತ್ ಮಗ್ಗದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾಯಿತು. ಅದರ ರೇಷ್ಮೆ, ಅದರ ಜರಿ ನಿಜವಾಗಿಯೂ ಒಳ್ಳೆಯದು, ಅಮ್ಮನ ಸೀರೆ ಜೋಪಾನ ಮಾಡಿ. ಕೈಮಗ್ಗದ ರೇಷ್ಮೆ ಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ನೋಡಿ. ಒಡಲಿಗೂ ದಡಿಗೂ ಬೇರೆ ಬಣ್ಣ, ಮೂರು ಲಾಳಿ ಹಾಕಿ ನೇಯುತ್ತಾರೆ.

ವಕೀಲ, ಗಾಂಧಿನಗರ:

ಎರಡನೇ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರ ಹೇಳುತ್ತೇನೆ. ಇಳಕಲ್, ಮೊಳಕಾಲ್ಮೂರು, ಉಡುಪಿ, ಗುಳೇದಗುಡ್ಡ ಖಣ, ಕಸೂತಿ, ಇವಕ್ಕೆ ಜಿಐ ಇದೆ. ಜಿಐ ಕಾಯುವುದು ಊರಿನ ಹೆಸರನ್ನು. ಬೇರೆ ಕಡೆ ಮಾಡಿದ್ದನ್ನು ಇಳಕಲ್ ಅಂತ ಮಾರುವ ಹಾಗಿಲ್ಲ. ಆದರೆ ಇಳಕಲ್ಲಿನ ಒಬ್ಬ ನೇಕಾರ ಹೊಸದಾಗಿ ಕಟ್ಟಿದ ದಡಿ ಅವನದು ಅಂತ ಜಿಐ ಹೇಳುವುದಿಲ್ಲ. ಅದಕ್ಕೆ 2000ದ ವಿನ್ಯಾಸ ಕಾಯ್ದೆ ಇದೆ. ನಿಜವಾಗಿ ಹೊಸದಾದ, ಮೊದಲು ಎಲ್ಲೂ ಪ್ರಕಟವಾಗದ ವಿನ್ಯಾಸವನ್ನು ನೋಂದಾಯಿಸಿದರೆ 10 ವರ್ಷ, ಮತ್ತೆ 5 ವರ್ಷ ರಕ್ಷಣೆ. ತೆನೆ, ತೇರು, ಗೋಪುರ ಎಲ್ಲರ ಆಸ್ತಿ, ಅವನ್ನು ಯಾರೂ ತಮ್ಮದೆಂದು ಬರೆಸಿಕೊಳ್ಳಲಾಗದು, ಅದು ನ್ಯಾಯವೂ ಹೌದು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಈಗ 11 ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲು, ಆದರೆ ಅದು ಚಿತ್ರದ ಕಳವನ್ನು ತಡೆಯುವುದಿಲ್ಲ.

ನೇಕಾರರಿಗೆ ನನ್ನ ಸಲಹೆ ಒಂದೇ. ಹೊಸ ವಿನ್ಯಾಸವನ್ನು ಮೇಳದಲ್ಲಿ ತೂಗುಹಾಕುವ ಮೊದಲು, ವಾಟ್ಸಾಪ್‌ನಲ್ಲಿ ಕಳಿಸುವ ಮೊದಲು ಅರ್ಜಿ ಹಾಕಿ. ಒಮ್ಮೆ ಹೊರಗೆ ಕಂಡರೆ ಅದು ಹೊಸದಲ್ಲ ಅಂತಾಗುತ್ತದೆ. ಪಟ್ಟಣದ ಒಂದು ಬುಟಿಕ್ ನೇಕಾರರೊಬ್ಬರಿಂದ ಮಾದರಿ ತರಿಸಿಕೊಂಡು, ಅದನ್ನೇ ಕರೆಂಟ್ ಮಗ್ಗದಲ್ಲಿ ಮಾಡಿಸಿ ತನ್ನ ಹೆಸರಲ್ಲಿ ಮಾರಿದ್ದನ್ನು ನಾನೇ ನೋಡಿದ್ದೇನೆ. ನೇಕಾರರ ಹತ್ತಿರ ಒಂದು ತುಂಡು ಕಾಗದವೂ ಇರಲಿಲ್ಲ, ಏನೂ ಮಾಡಲಾಗಲಿಲ್ಲ.

ಮಲ್ಲೇಶ್ವರದ ಓದುಗ:

ಇಷ್ಟೊಂದು ಮಂದಿ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಕೈಮುಗಿಯುತ್ತೇನೆ. ಇನ್ನೊಂದೇ ಕೇಳುತ್ತೇನೆ. ನಮ್ಮ ಮನೆಯಲ್ಲಿ ಮಾಘ ಮಾಸದಲ್ಲಿ ಮದುವೆ ಇದೆ. ನೇಕಾರರಿಗೆ ಯೋಚಿಸಲು ಜಾಗ ಕೊಡುವ ಹಾಗೆ ಸೀರೆ ನೇಯಿಸಿಕೊಳ್ಳುವುದು ಹೇಗೆ? ಮತ್ತೆ ಕೈಮಗ್ಗದ ಇಳಕಲ್ ಅಂತ ಗುರುತಿಸುವುದು ಹೇಗೆ?

ಬಾಗಲಕೋಟಿ ಮಗಳು:

ಸರ, ಮೊದಲ ಗುರುತು ಹೇಳ್ತೀನಿ. ಒಡಲು, ಸೆರಗು ಕೂಡೂ ಜಾಗಾ ತಿರುವಿ ಹಾಕಿ ನೋಡ್ರಿ. ಎಳಿಗಿ ಎಳಿ ಕೊಂಡಿ ಬಿದ್ದ ಸಾಲು ಕೈಗೆ ಸಣ್ಣಾಗಿ ತಾಕ್ತೈತಿ. ಕರೆಂಟ ಮಗ್ಗದ್ದರಾಗ ಅದು ಇರೂದಿಲ್ಲ, ಒಂದ ಹಾಸು ಸೀದಾ ಬಂದಿರತೈತಿ, ಇಲ್ಲಾ ಹೊಲದು ಕೂಡಸಿರತಾರ.

ನೇಯಸೂದು ಇದ್ರ ಈಗ ಹೇಳ್ರಿ, ಮದುವಿ ಹತ್ರ ಬಂದ ಮ್ಯಾಲ ಅಲ್ಲ. ಒಂದೊಂದ ಸೀರಿಗೂ ಹಾಸು ಬ್ಯಾರೆ ಕಟ್ಟಬೇಕು ಅಂತ ಹೇಳಿದೆನಲ್ರಿ. ನೂಲಿನ ರೊಕ್ಕ ಮುಂಗಡ ಕೊಡ್ರಿ, ಅವರು ಸಾಲಾ ಮಾಡೂದು ತಪ್ಪತೈತಿ. ಒಡಲಿನ ಬಣ್ಣ ನೀವು ಆರಸ್ರಿ, ಗಿರಿ ಕುಂಕುಮ ಮದುವಿಗೆ ಭಾಳ ಚಂದ. ದಡಿ ಗೋಮಿ ಬೇಕೋ, ಚಿಕ್ಕಿ ಪರಾಸ ಬೇಕೋ, ಗಾಡಿ ಬೇಕೋ ಹೇಳ್ರಿ. ಫೋಟೊ ಕಳಿಸಿ "ಇದರಂಗ ಮಾಡ್ರಿ" ಅನಬ್ಯಾಡ್ರಿ. ದಡಿಯೊಳಗ, ಒಡಲಿನ ಗೀಟಿನೊಳಗ ಅವರಿಗೆ ಏನರ ಹೊಸಾದು ಮಾಡಬೇಕು ಅನಿಸಿದ್ರ ಮಾಡ್ರಿ ಅಂತ ಬಾಯಿಬಿಟ್ಟು ಹೇಳ್ರಿ, ಅದಕ್ಕ ಕೂಲಿ ಬ್ಯಾರೆ ಹಿಡೀರಿ. ಕೊಂಡಿ ಹಾಕಿದವರು ಯಾರು ಅಂತನೂ ಕೇಳ್ರಿ. ನೇಯ್ದವರ ಜೊತಿ ಅವರ ಹೆಸರೂ ಚೀಟಿ ಮ್ಯಾಲ ಬರಸ್ರಿ. 2019-20ರ ಕೈಮಗ್ಗ ಗಣತಿಯೊಳಗ ದೇಶದಾಗ 35 ಲಕ್ಷ ಮಂದಿ ಕೈಮಗ್ಗದ ಕೆಲಸಕ್ಕ ಅದಾರ, ಅದರಾಗ 25 ಲಕ್ಷಕ್ಕಿಂತ ಹೆಚ್ಚು ಹೆಣ್ಮಕ್ಕಳು ಅಂತ ಬಂದೈತಿ. ಅವರ ಹೆಸರು ಎಲ್ಲೆರ ಬರೀಬೇಕಲ್ರಿ.

ಮಲ್ಲೇಶ್ವರದ ಓದುಗ:

ಆಯಿತು ಅಕ್ಕಾ. ಮೂರು ಸೀರೆ ಬೇಕು. ಒಡಲು ಗಿರಿ ಕುಂಕುಮ ಒಂದು, ನವಿಲು ಹಸಿರು ಒಂದು, ಮೂರನೆಯದರ ಬಣ್ಣವನ್ನೂ ಅವರಿಗೇ ಬಿಟ್ಟಿದ್ದೇನೆ. ದಡಿ ಗೋಮಿ. ನಿಮ್ಮ ಅಣ್ಣನವರ ಮಗ್ಗ ಖಾಲಿ ಇದೆಯೇ, ಮುಂಗಡ ಯಾವಾಗ ಕಳಿಸಲಿ ಅಂತ ಖಾಸಗಿಯಾಗಿ ತಿಳಿಸಿ.

ಬಾಗಲಕೋಟಿ ಮಗಳು:

ತಿಳಸ್ತೀನ್ರಿ ಸರ. ಈ ಸೋಮವಾರ ಅಣ್ಣ ಹಾಸು ಇಳಸ್ತಾನ, ಅದಾದ ಮ್ಯಾಲ ನಿಮ್ಮದ ಮೊದಲು.